ಎರಡು ಡೆಕ್ಕನ್‌ಗಳ ಕಥೆ

ಶಂಶಾಬಾದಿನಿಂದ ಬೆಂಗಳೂರಿಗೆ ಹಾರುವ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಈ ಊರಿಗೆ ತನ್ನದೇ ವಿಮಾನ ಕಂಪನಿ ಇತ್ತು. 1945ರಲ್ಲಿ ನಿಜಾಮರ ಸರ್ಕಾರ ಟಾಟಾ ಜೊತೆ ಸೇರಿ ಕಟ್ಟಿದ ಡೆಕ್ಕನ್ ಏರ್‌ವೇಸ್. ಬೇಗಂಪೇಟೆ ಅದರ ನೆಲೆ. ದೇಶದ ಮೊದಲ ಮಹಿಳಾ ಕಮರ್ಷಿಯಲ್ ಪೈಲಟ್ ಪ್ರೇಮ್ ಮಾಥುರ್ ಅವರಿಗೆ ಕೆಲಸ ಕೊಟ್ಟಿದ್ದು ಇದೇ ಕಂಪನಿ.

ಮಹಾಯುದ್ಧ ಮುಗಿದ ಮೇಲೆ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಗುತ್ತಿದ್ದವು, ಲೈಸೆನ್ಸೂ ಧಾರಾಳವಾಗಿ ಸಿಕ್ಕಿತು. ಕಂಪನಿಗಳು ಹೆಚ್ಚಾದವು, ಪ್ರಯಾಣಿಕರು ಅಷ್ಟಿರಲಿಲ್ಲ. ನಷ್ಟ ಬೆಳೆಯಿತು. 1953ರಲ್ಲಿ ಸರ್ಕಾರ ಡೆಕ್ಕನ್ ಸೇರಿದಂತೆ ಎಂಟು ಕಂಪನಿಗಳನ್ನು ಒಟ್ಟುಮಾಡಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಮುಂದಿನ ನಾಲ್ಕು ದಶಕ ಆಕಾಶಕ್ಕೆ ಒಬ್ಬರೇ ಯಜಮಾನರು. ಟಿಕೆಟ್ ದುಬಾರಿ, ತಡವಾದರೆ ಕೇಳೋರಿಲ್ಲ. ಆದರೂ ಒಂದು ಮಾತು, ಆ ಯಜಮಾನನನ್ನು ಪಾರ್ಲಿಮೆಂಟಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬಹುದಿತ್ತು.

ಆ ಕಾಯಿದೆ 1994ರಲ್ಲಿ ರದ್ದಾಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಬಂದವು, ಬಂದ ಹಾಗೇ ಹೋದವು.

ಆಮೇಲೆ ಬಂದರು ನೋಡಿ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್! 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಏರ್ ಡೆಕ್ಕನ್ ಶುರು. ಮರುತಿಂಗಳು ಹೈದರಾಬಾದ್-ವಿಜಯವಾಡ ಉದ್ಘಾಟನೆಯ ದಿನವೇ ಇಲ್ಲಿ ಎಂಜಿನ್‌ಗೆ ಬೆಂಕಿ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಅಂಗಡಿ ಮುಚ್ಚುತ್ತಿದ್ದರು. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನೇ ಗುರುತಾಗಿ ಇಟ್ಟುಕೊಂಡು, ಒಂದು ರೂಪಾಯಿ ಟಿಕೆಟ್ ಆಸೆ ತೋರಿಸಿ, ಕಾಚಿಗುಡ ರೈಲಿನ ಬರ್ತ್‌ಗೆ ಪರದಾಡುತ್ತಿದ್ದ ನಮ್ಮಂಥವರನ್ನೂ ಅವರು ವಿಮಾನ ಹತ್ತಿಸಿದರು. ಆದರೆ ಅಗ್ಗದ ಟಿಕೆಟ್ಟಿನಿಂದ ಪೆಟ್ರೋಲಿನ ಬಿಲ್ ಕಟ್ಟಲಾದೀತೇ?

ನನ್ನ ಲೆಕ್ಕದಲ್ಲಿ ಸ್ಪರ್ಧೆಗೆ ಪೆಟ್ಟು ಬಿದ್ದ ವರ್ಷ 2007. ಜೆಟ್ ಸಹಾರಾವನ್ನು ಕೊಂಡಿತು, ಏರ್ ಇಂಡಿಯಾ-ಇಂಡಿಯನ್ ಏರ್‌ಲೈನ್ಸ್ ಒಂದಾದವು, ಡೆಕ್ಕನ್ ಮಲ್ಯರ ಕೈ ಸೇರಿತು. ಆರು ಕಂಪನಿ ಮೂರಾದವು. ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ ಐದು ವರ್ಷ ಹಾರಿರಬೇಕೆಂಬ ನಿಯಮವಿತ್ತು. ಕಿಂಗ್‌ಫಿಷರ್‌ಗಿಂತ ಡೆಕ್ಕನ್ ಹಳೆಯದು, ಆ ಹಿರಿತನದ ಮೇಲೂ ಕಣ್ಣಿತ್ತು. 2012ರಲ್ಲಿ ಕಿಂಗ್‌ಫಿಷರ್ ನೆಲಕ್ಕಿಳಿಯಿತು. ಸಾಲ ಕೊಟ್ಟ ಹದಿನೇಳು ಬ್ಯಾಂಕುಗಳ ಪಾಡು ನಮ್ಮ ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸಣ್ಣ ರೈತನ ಹತ್ತು ಸಾವಿರಕ್ಕೆ ಹತ್ತು ಕಾಗದ ಕೇಳುವವರು ನಾವು... ಇರಲಿ.

2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ನಿಂತವು. 2024ರಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಕರಗಿತು. 2006ರಲ್ಲಿ ಸದ್ದಿಲ್ಲದೆ ಶುರುವಾದ ಇಂಡಿಗೋ ಈಗ ಸುಮಾರು ಮೂವರಲ್ಲಿ ಇಬ್ಬರು ಪ್ರಯಾಣಿಕರನ್ನು ಹೊರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಅವರು ಕದ್ದು ಬೆಳೆದವರಲ್ಲ. ಒಂದೇ ಬಗೆಯ ವಿಮಾನದಿಂದ ಶುರುಮಾಡಿ, ಹೊತ್ತಿಗೆ ಸರಿಯಾಗಿ ಹಾರಿಸಿ ಗೆದ್ದವರು.

ಹಾಗಿದ್ದರೂ 2025ರ ಡಿಸೆಂಬರಿನಲ್ಲಿ ಆಗಿದ್ದೇನು? ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಆ ಒಂದು ಕಂಪನಿ ಸಾಕಷ್ಟು ತಯಾರಿ ಮಾಡಿಕೊಂಡಿರಲಿಲ್ಲ. ಸಾವಿರಾರು ವಿಮಾನ ರದ್ದು, ಉಳಿದವರ ಟಿಕೆಟ್ ದರ ಆಕಾಶಕ್ಕೆ. ಕೊನೆಗೆ ಸರ್ಕಾರವೇ 500 ಕಿ.ಮೀ. ಒಳಗಿನ ದೂರಕ್ಕೆ 7,500 ರೂಪಾಯಿ ಮೀರಬಾರದೆಂದು ಗೆರೆ ಎಳೆಯಿತು. ನಿಯಮವನ್ನೂ ಆ ಕಂಪನಿಗೆ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು.