ಈಡಿಗೆ ಬೆಚ್ಚದ ನಾಯಿ

ಬೇಟೆನಾಯಿಗಳಲ್ಲಿ ಪಾಯಿಂಟರ್ ಎಂಬುದೊಂದು ತಳಿ. ಪೊದೆಯಲ್ಲಿ ಅಡಗಿದ ಹಕ್ಕಿಯ ವಾಸನೆ ಮೂಗಿಗೆ ಬಡಿದೊಡನೆ ಅದು ಓಟ ನಿಲ್ಲಿಸಿ ಕಲ್ಲಿನಂತೆ ನಿಂತುಬಿಡುತ್ತದೆ. ಮೂಗು ಹಕ್ಕಿಯ ಕಡೆಗೆ, ಬಾಲ ನೇರ, ಒಂದು ಮುಂಗಾಲು ಮೇಲಕ್ಕೆ. ಕೋವಿಯವನು ಬಂದು ಹಕ್ಕಿಯನ್ನು ಎಬ್ಬಿಸುವ ತನಕ ಅದು ಕದಲಬಾರದು; ತಲೆಯ ಮೇಲೆಯೇ ಈಡು ಹಾರಿದರೂ ಬೆಚ್ಚಬಾರದು. ನಿಲ್ಲುವ ಗುಣ ರಕ್ತದಲ್ಲೇ ಬಂದದ್ದು. ಬೆಚ್ಚದಿರುವುದನ್ನು ಮಾತ್ರ ಮನುಷ್ಯ ಕಲಿಸಬೇಕು. ಎಂಥ ಮೂಗಿದ್ದರೂ, ಈಡಿನ ಸದ್ದಿಗೆ ಬಾಲ ಮಡಚಿ ಓಡುವ ನಾಯಿಯಿಂದ ಬೇಟೆಗಾರನಿಗೆ ಪ್ರಯೋಜನವಿಲ್ಲ.

ಇಂಥ ನಾಯಿಗಳು ಈ ದೇಶಕ್ಕೆ ಬಂದದ್ದು ಬ್ರಿಟಿಷರ ಜೊತೆ, ಹಡಗಿನಲ್ಲಿ. ಹಕ್ಕಿಯನ್ನು ನೋಡುವುದಕ್ಕೂ ಹೊಡೆಯುವುದಕ್ಕೂ ಆಗ ಹೆಚ್ಚು ಅಂತರವಿರಲಿಲ್ಲ. 1883ರಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅದರ ಮೊದಲ ತಲೆಮಾರಿನ ಸದಸ್ಯರಲ್ಲಿ ಕೋವಿ ಹಿಡಿದವರು ಬಹಳ. ಸ್ಥಾಪಕರಲ್ಲೊಬ್ಬರಾದ ಇ. ಎಚ್. ಏಟ್ಕನ್ ಉಪ್ಪು ಮತ್ತು ಸುಂಕದ ಇಲಾಖೆಯ ನೌಕರರಾಗಿ ನಮ್ಮ ಉತ್ತರ ಕನ್ನಡದಲ್ಲೂ ಇದ್ದವರು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಆ ಬೇಟೆಯ ಕಾಲ ಮುಗಿಯಿತು. ಆದರೆ ಮರಿನಾಯಿಗೆ ಸದ್ದಿನ ಪಾಠ ಹೇಳುವ ವಿದ್ಯೆ ಬೇಟೆಯೊಂದಿಗೆ ಮುಗಿಯಲಿಲ್ಲ.

ಆ ವಿದ್ಯೆಯಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು ಅಷ್ಟೆ. ಮರಿ ಮೊದಲು ಬಯಲಿಗೆ ಹೊಂದಿಕೊಳ್ಳಬೇಕು, ಹಕ್ಕಿಯ ರುಚಿ ಹತ್ತಬೇಕು. ಅದು ಹಕ್ಕಿಯ ಹಿಂದೆ ಮೈಮರೆತು ಓಡುವಾಗ ನೂರಾರು ಹೆಜ್ಜೆ ದೂರದಲ್ಲಿ ಒಬ್ಬರು ಬರಿ ಸದ್ದಿನ ತೋಟೆಯೊಂದನ್ನು ಹಾರಿಸುತ್ತಾರೆ. ಮರಿ ಕಿವಿ ನಿಮಿರಿಸಿ ಮತ್ತೆ ಓಡಿದರೆ ಆ ದಿನಕ್ಕೆ ಅಷ್ಟೇ ಸಾಕು. ದಿನಗಳು ಕಳೆದಂತೆ ಸದ್ದು ಹತ್ತಿರವಾಗುತ್ತದೆ, ದೊಡ್ಡದಾಗುತ್ತದೆ. ಮರಿ ಒಮ್ಮೆ ಕುಗ್ಗಿದರೂ ಮತ್ತೆ ದೂರಕ್ಕೆ ಹೋಗಬೇಕು. ಈಡು ಎಂದರೆ ಹಕ್ಕಿ, ಈಡು ಎಂದರೆ ಸಂತೋಷ ಎಂದು ಅದರ ಮನಸ್ಸಿನಲ್ಲಿ ಕೂರಬೇಕು. ಧೈರ್ಯ ಇದೆಯೋ ಇಲ್ಲವೋ ನೋಡೋಣ ಎಂದು ಕಿವಿಯ ಹತ್ತಿರವೇ ಕೋವಿ ಹಾರಿಸಿದವರು ಒಳ್ಳೆಯ ನಾಯಿಯನ್ನು ಒಂದೇ ಗಳಿಗೆಯಲ್ಲಿ ಕೆಡಿಸಿಬಿಡುತ್ತಾರೆ. ಊರಿನಿಂದ ಬಂದ ಹುಡುಗರು ರೈಲು ಹಳಿಯ ಪಕ್ಕದ ಖೋಲಿಯಲ್ಲಿ ನಿದ್ದೆ ಮಾಡಲು ಕಲಿತ ಬಗೆಯೂ ಹೆಚ್ಚುಕಡಿಮೆ ಇದೇ. ಪಕ್ಕದಲ್ಲಿ ಪರಿಚಯದವರು ನಿಶ್ಚಿಂತೆಯಿಂದ ಮಲಗಿದ್ದರೆ ಲೋಕಲ್ಲಿನ ಸದ್ದು ಬೇಗ ಪಳಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಈ ವಿದ್ಯೆ ಸೈನ್ಯಕ್ಕೂ ಬೇಕಾಯಿತು. 1917ರಲ್ಲಿ ರಿಚರ್ಡ್‌ಸನ್ ಎಂಬ ಅಧಿಕಾರಿ ಇಂಗ್ಲೆಂಡಿನ ಶೂಬರಿನೆಸ್‌ನಲ್ಲಿ ಸಂದೇಶ ಒಯ್ಯುವ ನಾಯಿಗಳಿಗೆ ಶಾಲೆ ತೆರೆದರು. ಅದು ಫಿರಂಗಿಗಳನ್ನು ಪರೀಕ್ಷಿಸುವ ಊರು; ಗುಡುಗು ಅಲ್ಲಿ ದಿನನಿತ್ಯದ್ದು. ಬೆದರಿದ ನಾಯಿಯ ಗತಿಯೇನು ಎಂಬುದು 1924ರಲ್ಲಿ ರಷ್ಯದಲ್ಲಿ ಕಂಡಿತು. ಲೆನಿನ್‌ಗ್ರಾಡಿನ ನೆರೆ ಪಾವ್ಲೋವರ ಪ್ರಯೋಗಶಾಲೆಯ ನಾಯಿಗೂಡುಗಳಿಗೆ ನುಗ್ಗಿತು. ನಾಯಿಗಳು ಬದುಕಿದವು, ಆದರೆ ಕೆಲವು ತಾವು ತಿಂಗಳುಗಟ್ಟಲೆ ಕಲಿತದ್ದನ್ನೆಲ್ಲ ಮರೆತಿದ್ದವು. ನಿಧಾನವಾಗಿ ಸರಿಹೋದ ಮೇಲೂ, ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಸಿದೊಡನೆ ಹಳೆಯ ಭಯ ಮರಳಿತು. ಕಲಿಸಲು ತಿಂಗಳುಗಳು, ಕೆಡಿಸಲು ಒಂದು ರಾತ್ರಿ.

ಮುಂಬಯಿ ಪೊಲೀಸರ ಶ್ವಾನದಳ ಶುರುವಾದದ್ದು 1959ರಲ್ಲಿ, ಡಾಬರ್‌ಮನ್ ನಾಯಿಗಳಿಂದ. ಬಾಂಬು ಹುಡುಕುವ ನಾಯಿಯ ಕೆಲಸ ಪಾಯಿಂಟರಿನ ಕೆಲಸಕ್ಕೆ ತೀರ ಹತ್ತಿರದ್ದು. ವಾಸನೆ ಸಿಕ್ಕಿದೊಡನೆ ಅದು ಬೊಗಳಬಾರದು, ಮುಟ್ಟಬಾರದು. ಸುಮ್ಮನೆ ಕುಳಿತು ತೋರಿಸಬೇಕು. ಸುತ್ತ ಗುಂಡು ಹಾರುತ್ತಿದ್ದರೂ ಮೂಗು ಕೆಲಸ ಬಿಡಬಾರದು, ಏಕೆಂದರೆ ಹೆದರಿದ ನಾಯಿ ತಿನ್ನುವುದೂ ಇಲ್ಲ, ಮೂಸುವುದೂ ಇಲ್ಲ.

ಪುಣೆಯ ಶಿವಾಜಿನಗರದಲ್ಲಿ ಕಲಿತ ಲ್ಯಾಬ್ರಡಾರ್ ‘ಜಂಜೀರ್’ 1992ರ ಡಿಸೆಂಬರಿನಲ್ಲಿ ಮುಂಬಯಿಯ ಬಾಂಬ್ ದಳಕ್ಕೆ ಬಂದಾಗ ಅದಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೂರು ತಿಂಗಳೊಳಗೆ, 1993ರ ಮಾರ್ಚ್ 12ರಂದು, 257 ಜನರನ್ನು ಕೊಂದ ಸರಣಿ ಸ್ಫೋಟ. ಮೂರನೆಯ ದಿನ ಧನಜಿ ಸ್ಟ್ರೀಟಿನಲ್ಲಿ ನಿಂತಿದ್ದ ಸ್ಕೂಟರಿನಲ್ಲಿ ಬಾಂಬಿರುವುದನ್ನು ಅದು ತೋರಿಸಿತು. ಅದರ ಲೆಕ್ಕಕ್ಕೆ ಸೇರಿದ್ದು 3,329 ಕಿಲೋ ಆರ್‌ಡಿಎಕ್ಸ್, 600 ಡಿಟೊನೇಟರ್, 249 ಕೈಬಾಂಬ್. 2000ದ ನವೆಂಬರಿನಲ್ಲಿ ಅದು ತೀರಿಕೊಂಡಾಗ ಪೊಲೀಸ್ ಗೌರವ ಸಿಕ್ಕಿತು. 2008ರ ನವೆಂಬರ್ 26ರ ದಾಳಿಯ ವೇಳೆ ದುಡಿದ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ಎಂಬ ನಾಲ್ಕು ನಾಯಿಗಳು ವಿರಾರಿನ ತೋಟವೊಂದರಲ್ಲಿ ವಿಶ್ರಾಂತಿಯಲ್ಲಿದ್ದು, 2016ರಲ್ಲಿ ಒಂದರ ಹಿಂದೊಂದು ತೀರಿಕೊಂಡವು.

ನಾಯಿಯ ಧೈರ್ಯವನ್ನು ಹೊಗಳುವುದು ಕನ್ನಡದವರಿಗೆ ಹೊಸದಲ್ಲ. ಮಂಡ್ಯದ ಆತಕೂರಿನಲ್ಲಿ, ಹತ್ತನೆಯ ಶತಮಾನದ ನಡುವಿನಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಮಣಲೆರ ಕಲ್ಲು ನಿಲ್ಲಿಸಿದ. ಅದರ ಮೇಲೆ ಕನ್ನಡದಲ್ಲಿ ಬರೆಸಿದ. ಆದರೆ ಕಾಳಿಯನ್ನು ಎಳವೆಯಲ್ಲಿ ಪಳಗಿಸಿದ ಕೈ ಯಾರದ್ದು? ಆ ಹೆಸರು ಕಲ್ಲಿನ ಮೇಲಿಲ್ಲ. ಧೈರ್ಯದಲ್ಲಿ ತಳಿಯ ಪಾಲು ಇದ್ದೇ ಇದೆ. ಉಳಿದ ಪಾಲು, ದಿನವೂ ಅನ್ನ ಹಾಕಿ, ಕುಗ್ಗಿದಾಗ ಹಿಂದೆ ಸರಿದು, ಮತ್ತೆ ಮೊದಲಿನಿಂದ ಶುರುಮಾಡಿದವರದು.

ಇದೇ ನಗರದಲ್ಲಿ ಯಾರೂ ಏನೂ ಕಲಿಸದ ನಾಯಿಗಳೂ ಇವೆ. 1832ರಲ್ಲಿ ಸರಕಾರ ಬೀದಿನಾಯಿಯೊಂದಕ್ಕೆ ಎಂಟಾಣೆಯಂತೆ ಇನಾಮು ಕೊಟ್ಟು ಕೊಲ್ಲಿಸಲು ಹೊರಟಿತು. ನಾಯಿಯನ್ನು ಪವಿತ್ರವೆಂದು ನಂಬುವ ಪಾರ್ಸಿಗಳು ಜೂನ್ 6ರಂದು ಬೀದಿಗಿಳಿದರು. ಮರುದಿನ ಅಂಗಡಿಗಳು ಮುಚ್ಚಿದವು, ಕೋಟೆಗೆ ಸಾಮಾನು ಹೋಗುವುದು ನಿಂತಿತು, ಸೈನ್ಯ ಬರಬೇಕಾಯಿತು. ಆ ನಾಯಿಗಳ ಸಂತತಿ ಇಂದು ನಮ್ಮ ಸೊಸೈಟಿಗಳ ಗೇಟಿನಲ್ಲಿ ಮಲಗುತ್ತದೆ. ದೀಪಾವಳಿಯ ಸಂಜೆ ಮೊದಲ ಸುತಳಿ ಬಾಂಬಿಗೇ ಅದು ವಾಹನಗಳ ನಡುವೆ ಓಡುತ್ತದೆ, ಕಾರಿನ ಅಡಿಗೆ ತೂರುತ್ತದೆ. ಅದನ್ನು ಹೇಡಿ ನಾಯಿ ಎಂದು ನಗುವವರಿದ್ದಾರೆ.

ಜಂಜೀರ್‌ಗೆ ಸದ್ದಿನ ಜೊತೆ ಗುರುವಿನ ಕೈ ಸಿಕ್ಕಿತು. ಗೇಟಿನ ನಾಯಿಗೆ ಸಿಗುವುದು ಸದ್ದು ಮಾತ್ರ. ಅದನ್ನು ಪಳಗಿಸಲು ನಮಗೆ ಪುರಸೊತ್ತಿಲ್ಲದಿರಬಹುದು. ಪಟಾಕಿಯನ್ನು ಅದರಿಂದ ನೂರು ಹೆಜ್ಜೆ ದೂರ ಒಯ್ಯಬಹುದು. ಆ ನಾಲ್ಕು ರಾತ್ರಿ ಜಿನ್ನೆಯ ಕೆಳಗಿನ ಮೂಲೆಯಿಂದ ಅದನ್ನು ಓಡಿಸದೆ ಬಿಡಬಹುದು. ಮರಿಗೆ ಪಾಠ ಹೇಳುವವರು ಮೊದಲ ದಿನ ಮಾಡುವುದೂ ಇಷ್ಟೇ.