ಮೀನಿನ ತೊಟ್ಟಿಯ ಸಮತೋಲ: ತಂದೆ ಕಂಡದ್ದು, ಮಗ ಕಂಡದ್ದು

ಹೊಸದಾಗಿ ಅಕ್ವೇರಿಯಂ ತಂದ ಮನೆಗಳಲ್ಲಿ, ಶಾಲೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ನಡೆಯುತ್ತದೆ. ನೀವೂ ಅದನ್ನು ಕಂಡಿರಬಹುದು. ಗಾಜಿನ ತೊಟ್ಟಿಯನ್ನು ಚೆನ್ನಾಗಿ ತೊಳೆದು, ಹೊಸ ಮರಳು ಹರಡಿ, ತಿಳಿನೀರು ತುಂಬಿ, ಎಂಟು-ಹತ್ತು ಮೀನುಗಳನ್ನು ಬಿಡಲಾಗುತ್ತದೆ. ಗಾಳಿ ಪಂಪು ಗುಳುಗುಳು ಸದ್ದು ಮಾಡುತ್ತಿರುತ್ತದೆ. ಮೊದಲ ನಾಲ್ಕು ದಿನ ಯಾವ ತೊಂದರೆಯೂ ಇಲ್ಲ. ವಾರ ಕಳೆಯುವ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗುತ್ತವೆ, ಆಹಾರ ಬಿಡುತ್ತವೆ, ಒಂದೊಂದಾಗಿ ಸಾಯುತ್ತವೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಅಂಗಡಿಯವರು ರೋಗದ ಮೀನು ಕೊಟ್ಟರೆಂದು ಎಲ್ಲರೂ ತೀರ್ಮಾನಿಸುತ್ತಾರೆ. ಆದರೆ ಅದೇ ಅಂಗಡಿಯಿಂದ ತಂದ ಅದೇ ಜಾತಿಯ ಮೀನು ಪಕ್ಕದ ಮನೆಯ ಹಳೆಯ, ಅಷ್ಟಿಷ್ಟು ಪಾಚಿಗಟ್ಟಿದ ತೊಟ್ಟಿಯಲ್ಲಿ ಆರಾಮವಾಗಿ ಈಜಾಡಿಕೊಂಡಿರುತ್ತದೆ.

ತೊಳೆದಿಟ್ಟ ತೊಟ್ಟಿಗಿಂತ ಹಳೆಯ ತೊಟ್ಟಿಯೇ ಮೀನಿಗೆ ಕ್ಷೇಮ ಏಕೆ? ಈ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಸ್ವಾರಸ್ಯವೆಂದರೆ ಉತ್ತರದ ಎರಡು ಭಾಗಗಳೂ ಒಂದೇ ಮನೆಯಲ್ಲಿ ಹುಟ್ಟಿದವು. ಒಂದನ್ನು ತಂದೆ ಕಂಡರು, ಇನ್ನೊಂದನ್ನು ಮಗ. ಆದರೆ ಇವೆರಡನ್ನೂ ಜೋಡಿಸುವ ಕೆಲಸ ಅವರ ಕಾಲದಲ್ಲಿ ಆಗಲಿಲ್ಲ.

ಬಾಟಲಿಯೊಳಗಿನ ಜರೀಗಿಡ

ಚೀನೀಯರು ಚಿನ್ನದ ಮೀನುಗಳನ್ನು ಕೊಳಗಳಲ್ಲಿ, ಅನಂತರ ಪಿಂಗಾಣಿ ಪಾತ್ರೆಗಳಲ್ಲಿ ಶತಮಾನಗಳಿಂದ ಸಾಕುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಅವು ಯೂರೋಪನ್ನು ತಲಪಿದವು. ಆದರೆ ಪಾತ್ರೆಯ ನೀರನ್ನು ಪದೇ ಪದೇ ಬದಲಾಯಿಸಬೇಕಿತ್ತು. ಬದಲಾಯಿಸದಿದ್ದರೆ ಮೀನು ಸಾಯುತ್ತಿತ್ತು. ಯಾಕೆ ಸಾಯುತ್ತಿತ್ತೆಂಬುದು ಸ್ಪಷ್ಟವಿರಲಿಲ್ಲ.

ಮೊದಲ ಸುಳಿವು ಬಂದದ್ದು ಗಾಳಿಯ ಅಧ್ಯಯನದಿಂದ. ಮೇಣದ ಬತ್ತಿ ಉರಿದು ಆರಿಹೋದ ಗಾಳಿಯನ್ನು ಪುದೀನದ ಒಂದು ಕಡ್ಡಿ ಮತ್ತೆ ಸರಿಪಡಿಸುತ್ತದೆ ಎಂದು 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಕಂಡುಕೊಂಡರು. ಈ ಕೆಲಸಕ್ಕೆ ಬೆಳಕು ಬೇಕು, ಗಿಡದ ಹಸಿರು ಭಾಗಗಳು ಮಾತ್ರ ಇದನ್ನು ಮಾಡುತ್ತವೆ ಎಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದರು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಜರೀಗಿಡ ಮೊಳೆತು, ಯಾರೂ ನೀರೆರೆಯದೆ ಬೆಳೆಯಿತು. ಇದರಿಂದ ಹುಟ್ಟಿದ ‘ವಾರ್ಡ್ ಪೆಟ್ಟಿಗೆ’ಯಲ್ಲಿಯೇ ಮುಂದೆ ಚೀನಾದ ಚಹಾ ಸಸಿಗಳು ಸಮುದ್ರ ದಾಟಿ ಭಾರತಕ್ಕೆ ಬಂದವು. ಗಾಜಿನೊಳಗೆ ಮುಚ್ಚಿಟ್ಟ ಗಿಡ ಬದುಕುತ್ತದೆ ಎಂದಾದರೆ ಪ್ರಾಣಿಯೂ ಬದುಕಬಹುದಲ್ಲವೇ?

ಈ ಹೊತ್ತಿಗಾಗಲೇ ಇಬ್ಬರು ಮಹಿಳೆಯರು ಸಮುದ್ರಜೀವಿಗಳನ್ನು ಸಾಕಿದ್ದರೆಂಬುದನ್ನು ಹೇಳಲೇಬೇಕು. ಏಕೆಂದರೆ ಹಲವು ಪುಸ್ತಕಗಳು ಅವರನ್ನು ಬಿಟ್ಟುಬಿಡುತ್ತವೆ. ಸಿಸಿಲಿಯಲ್ಲಿದ್ದ ಝಾನ್ ವಿಲ್‌ಪ್ರೂ-ಪವರ್ 1830ರ ದಶಕದಲ್ಲಿ ಗಾಜಿನ ತೊಟ್ಟಿಗಳಲ್ಲಿ ಆರ್ಗೊನಾಟ್ ಎಂಬ ಅಷ್ಟಪದಿಯ ಬಂಧುವನ್ನು ಸಾಕಿ, ಅದರ ಚಿಪ್ಪು ಅದೇ ಕಟ್ಟಿಕೊಂಡದ್ದೆಂದು ಸಿದ್ಧಪಡಿಸಿದರು. ಲಂಡನ್ನಿನ ಆನಾ ಥಿನ್ 1846ರಲ್ಲಿ ಕಡಲತೀರದಿಂದ ಹವಳಗಳನ್ನು ತಂದು ಮೂರು ವರ್ಷ ಉಳಿಸಿಕೊಂಡರು. ಅವರಲ್ಲಿ ಪಂಪು ಇರಲಿಲ್ಲ. ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಗಾಳಿ ಬೆರೆಸುತ್ತಿದ್ದಳು. ನಾವು ಕಾಫಿ ಆರಿಸುವಂತೆ ಎನ್ನಿ.

ಎರಡು ಮೀನು, ಒಂದು ಗಿಡ, ಐದಾರು ಬಸವನಹುಳು

ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಔಷಧಕಾರರ ಸಂಘದ ರಸಾಯನವಿಜ್ಞಾನಿ. 1841ರಲ್ಲಿ ಕೆಮಿಕಲ್ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. 1849ರಲ್ಲಿ ಅವರು ಸುಮಾರು 12 ಗ್ಯಾಲನ್, ಅಂದರೆ 54 ಲೀಟರಿನಷ್ಟು ಹಿಡಿಸುವ ಗಾಜಿನ ಪಾತ್ರೆಯನ್ನು ಅರ್ಧದಷ್ಟು ತುಂಬಿ, ತಳದಲ್ಲಿ ಮರಳು, ಕೆಸರು, ಕಲ್ಲುಗಳನ್ನು ಹಾಕಿದರು. ಎರಡು ಚಿಕ್ಕ ಚಿನ್ನದ ಮೀನುಗಳನ್ನು ಬಿಟ್ಟು, ವ್ಯಾಲಿಸ್ನೇರಿಯ ಎಂಬ ನೀರಿನೊಳಗೇ ಬೆಳೆಯುವ ಗಿಡವನ್ನು ನೆಟ್ಟರು. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಹೈಡ್ರಿಲ್ಲಾದ ಜೊತೆಗೆ ನೀವು ಕೇಳಿರುವ ಗಿಡವೇ ಇದು. ಮೀನು ಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸಬೇಕು, ಗಿಡ ಬಿಡುವ ಆಮ್ಲಜನಕವನ್ನು ಮೀನು ಬಳಸಬೇಕು ಎಂಬುದು ಅವರ ಲೆಕ್ಕ.

ಮೊದಮೊದಲು ಲೆಕ್ಕ ಸರಿಹೋಯಿತು. ಅನಂತರ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿ ನೀರು ಕದಡಿತು, ಗಾಜಿನ ಒಳಗೋಡೆಗೆ ಹಸಿರು ಲೋಳೆ ಅಂಟಿತು. ವಾರಿಂಗ್ಟನ್ ಪಾತ್ರೆಯನ್ನು ತೊಳೆದು ಮತ್ತೆ ಆರಂಭಿಸಲಿಲ್ಲ. ಸಹಜ ಕೊಳದಲ್ಲಿ ಕೊಳೆತ ಎಲೆಯನ್ನು ಯಾರು ತಿನ್ನುತ್ತಾರೆ ಎಂದು ಯೋಚಿಸಿ, ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿ ಮಾಡಿದವು. ಅವು ಇಟ್ಟ ಮೊಟ್ಟೆ ಮೀನಿಗೆ ಆಹಾರವಾಯಿತು. ನೀರನ್ನು ಬದಲಾಯಿಸದೆ ತಿಂಗಳುಗಟ್ಟಲೆ ಈ ಮೂವರ ಸಂಸಾರ ನಡೆಯಿತು. 1850ರ ಮಾರ್ಚ್‌ನಲ್ಲಿ ಅವರು ಇದನ್ನು ಕೆಮಿಕಲ್ ಸೊಸೈಟಿಯ ಮುಂದೆ ಪ್ರಬಂಧವಾಗಿ ಓದಿದರು. ‘ಸಮತೋಲ ಅಕ್ವೇರಿಯಂ’ ಎಂಬ ಕಲ್ಪನೆಯ ಬೇರು ಇಲ್ಲಿದೆ.

ಹುಚ್ಚು ಏರಿತು, ಇಳಿಯಿತು

ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿತ್ತು. ರೈಲು ಕಡಲತೀರವನ್ನು ಮುಟ್ಟಿತ್ತು. 1853ರಲ್ಲಿ ಲಂಡನ್ ಪ್ರಾಣಿ ಸಂಗ್ರಹಾಲಯ ತನ್ನ ಮೀನುಮನೆಯನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ‘ಅಕ್ವೇರಿಯಂ’ ಎಂಬ ಹೆಸರನ್ನು ಮನೆಮಾತಾಗಿಸಿತು. ಶ್ರೀಮಂತರ ನಡುಮನೆಯಲ್ಲಿ ಗಾಜಿನ ತೊಟ್ಟಿ ಇರಲೇಬೇಕು ಎಂಬಂತಾಯಿತು. ಕಡಲ ನೀರನ್ನೂ ಜೀವಿಗಳನ್ನೂ ಮಾರುವ ಅಂಗಡಿಗಳು ಹುಟ್ಟಿದವು. ಜನ ತೀರದ ಬಂಡೆಗಳನ್ನು ಎಷ್ಟು ಕೆದಕಿದರೆಂದರೆ, ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ತಂದೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆ ತೀರಗಳು ಬರಿದಾದುದನ್ನು ನೆನೆದು ಮರುಗಿದ್ದಾರೆ.

ಆದರೆ ಹತ್ತು ವರ್ಷಗಳಲ್ಲೇ ಉತ್ಸಾಹ ತಣ್ಣಗಾಯಿತು. ಹತ್ತರಲ್ಲಿ ಒಂಬತ್ತು ತೊಟ್ಟಿಗಳು ಮೂಲೆ ಸೇರಿದವೆಂದು 1868ರಲ್ಲಿ ಪಾದ್ರಿ ಹಾಗೂ ಲೇಖಕ ಜೆ. ಜಿ. ವುಡ್ ಬರೆದರು. ಜನರು ಗಿಡ ನೆಟ್ಟಿದ್ದರು, ಬಸವನಹುಳು ಬಿಟ್ಟಿದ್ದರು, ಪುಸ್ತಕ ಹೇಳಿದಂತೆ ಎಲ್ಲವನ್ನೂ ಮಾಡಿದ್ದರು. ಆದರೂ ಮೀನು ಸಾಯುತ್ತಿದ್ದವು. ವಾರಿಂಗ್ಟನ್ ಅವರ ತೊಟ್ಟಿಯಲ್ಲಿದ್ದುದು ಎರಡೇ ಚಿಕ್ಕ ಮೀನು ಎಂಬುದನ್ನು ಬಹುಮಂದಿ ಮರೆತಿದ್ದರು. ಅವರು ಹಾಕಿದ್ದ ಕೆಸರನ್ನು ಅಂದದ ತೊಟ್ಟಿಗೆ ಯಾರು ಹಾಕಿಯಾರು?

ಆಗಿನವರ ಲೆಕ್ಕವೆಲ್ಲ ಉಸಿರಾಟದ ಲೆಕ್ಕ. ಮೀನು ನೀರಿಗೆ ಬಿಡುವ ಇನ್ನೊಂದು ವಸ್ತುವಿನ ಕಡೆಗೆ ಗಮನ ಹರಿದಿರಲಿಲ್ಲ. ಅದು ಅಮೋನಿಯ. ನಮ್ಮ ದೇಹ ಪ್ರೋಟೀನಿನ ನೈಟ್ರೊಜನ್ ಕಸವನ್ನು ಯೂರಿಯ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಸಿಹಿನೀರಿನ ಮೀನು ಅದನ್ನು ಹೆಚ್ಚಾಗಿ ಅಮೋನಿಯವಾಗಿಯೇ, ಅದೂ ಕಿವಿರುಗಳ ಮೂಲಕ ಹೊರಹಾಕುತ್ತದೆ. ಅಮೆರಿಕದ ಹೋಮರ್ ಸ್ಮಿತ್ ಇದನ್ನು 1929ರಲ್ಲಿ ಚಿನ್ನದ ಮೀನು ಮತ್ತು ಕಾರ್ಪ್ ಮೀನುಗಳ ಮೇಲೆಯೇ ತೋರಿಸಿದರು. ಮೀನಿನ ತಲೆ ಒಂದು ಕೋಣೆಯಲ್ಲಿ, ಬಾಲ ಇನ್ನೊಂದರಲ್ಲಿ ಇರುವಂತೆ ನಡುವೆ ತಡೆಯಿಟ್ಟು ಅಳೆದಾಗ, ಮೂತ್ರ ಬೀಳುವ ಹಿಂದಿನ ಕೋಣೆಗಿಂತ ಕಿವಿರಿದ್ದ ಮುಂದಿನ ಕೋಣೆಯಲ್ಲಿ ನೈಟ್ರೊಜನ್ ಕಸ ಹಲವು ಪಟ್ಟು ಹೆಚ್ಚಿತ್ತು.

ಮಗನ ಕೆಲಸ

ವಾರಿಂಗ್ಟನ್ ಅವರ ಮಗನ ಹೆಸರೂ ರಾಬರ್ಟ್. ಹುಟ್ಟಿದ್ದು 1838ರಲ್ಲಿ. ಮನೆಯಲ್ಲಿ ಆ ಗಾಜಿನ ಪಾತ್ರೆ ಇದ್ದಾಗ ಹತ್ತು-ಹನ್ನೊಂದರ ಹುಡುಗ. ರಸಾಯನವಿಜ್ಞಾನವನ್ನು ಕಲಿತದ್ದು ತಂದೆಯ ಪ್ರಯೋಗಾಲಯದಲ್ಲೇ. 1876ರಲ್ಲಿ ಅವರು ರಾಥಮ್‌ಸ್ಟೆಡ್‌ನ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದರು. ಹೊಲಕ್ಕೆ ಹಾಕಿದ ಅಮೋನಿಯ ಗೊಬ್ಬರ ಮಣ್ಣಿನಲ್ಲಿ ನೈಟ್ರೇಟ್ ಆಗುವುದು ಹೇಗೆ ಎಂಬುದು ಅಲ್ಲಿನ ದೊಡ್ಡ ಪ್ರಶ್ನೆಗಳಲ್ಲಿ ಒಂದು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಕೊಳಚೆನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಅನಂತರ ಅಮೋನಿಯ ಮಾಯವಾಗಿ ನೈಟ್ರೇಟ್ ಬರತೊಡಗಿತು. ಕ್ಲೋರೊಫಾರ್ಮ್ ಹಾಯಿಸಿದರೆ ಕೆಲಸ ನಿಂತಿತು. ಸ್ವಲ್ಪ ಮಣ್ಣು ಕದಡಿದ ನೀರು ಹಾಕಿದರೆ ಮತ್ತೆ ಶುರುವಾಯಿತು. ಇದು ಜೀವಿಗಳ ಕೆಲಸವೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಆ ‘ಇಪ್ಪತ್ತು ದಿನ’ ನೆನಪಿರಲಿ.

ಕಿರಿಯ ವಾರಿಂಗ್ಟನ್ ಈ ಪ್ರಯೋಗವನ್ನು ರಾಥಮ್‌ಸ್ಟೆಡ್‌ನಲ್ಲಿ ದೃಢಪಡಿಸಿ ಮುಂದುವರಿಸಿದರು. ಕತ್ತಲೆಯಲ್ಲಿ ಈ ಕ್ರಿಯೆ ಚೆನ್ನಾಗಿ ನಡೆಯುತ್ತದೆ, ಬೆಳಕು ಅದನ್ನು ತಡೆಯುತ್ತದೆ ಎಂದರು. ಇದಕ್ಕಿಂತ ಮುಖ್ಯವಾಗಿ, ಅಮೋನಿಯ ಮೊದಲು ನೈಟ್ರೈಟ್ ಆಗುತ್ತದೆ, ಅನಂತರ ನೈಟ್ರೇಟ್ ಆಗುತ್ತದೆ, ಈ ಎರಡು ಹಂತಗಳನ್ನು ಎರಡು ಬೇರೆ ಬೇರೆ ಜೀವಿಗಳು ಮಾಡುತ್ತವೆ ಎಂದು ತೋರಿಸಿದರು. ಆದರೆ ಆ ಜೀವಿಗಳನ್ನು ಶುದ್ಧವಾಗಿ ಬೇರ್ಪಡಿಸುವ ಯತ್ನದಲ್ಲಿ ಯಶಸ್ಸು ಸಿಗಲಿಲ್ಲ. ಅವು ಅಂದಿನ ರೂಢಿಯ ಜೆಲಾಟಿನ್ ಮೇಲೆ ಬೆಳೆಯುತ್ತಿರಲಿಲ್ಲ. ಅಮೋನಿಯವನ್ನು ಉತ್ಕರ್ಷಿಸಿ ಬಂದ ಶಕ್ತಿಯಿಂದಲೇ ಬದುಕುವ ಈ ಬ್ಯಾಕ್ಟೀರಿಯಗಳಿಗೆ ಸಾವಯವ ಆಹಾರ ಬೇಡವೆಂದು ಅರಿತು ಅವುಗಳನ್ನು 1890ರ ಸುಮಾರಿಗೆ ಬೇರ್ಪಡಿಸಿದ ಕೀರ್ತಿ ಜ್ಯೂರಿಕ್‌ನಲ್ಲಿದ್ದ ರಷ್ಯದ ಸೆರ್ಗೇಯ್ ವಿನೊಗ್ರಾಡ್‌ಸ್ಕಿಗೆ ಸಂದಿತು.

ಈಗ ತಂದೆಯ ಪಾತ್ರೆಯನ್ನು ಮತ್ತೊಮ್ಮೆ ನೋಡಿ. ಕೆಸರು, ಮರಳು, ಒರಟು ಕಲ್ಲು ಎಲ್ಲವೂ ಈ ಬ್ಯಾಕ್ಟೀರಿಯಗಳು ಅಂಟಿಕೊಂಡು ಬದುಕುವ ಜಾಗಗಳೇ. ಕೊಳದ ಕೆಸರಿನ ಜೊತೆಗೆ ಅವೂ ಬಂದಿದ್ದಿರಬೇಕು. ಗಿಡವೂ ಅಮೋನಿಯವನ್ನು ಹೀರುತ್ತಿತ್ತು. ಎರಡೇ ಮೀನಿದ್ದುದರಿಂದ ಕಸವೂ ಕಡಿಮೆ. ಇಷ್ಟೆಲ್ಲ ಸೇರಿ ಆ ಸಮತೋಲ ಉಂಟಾಗಿತ್ತು. ಮಣ್ಣಿನಲ್ಲಿ ಮಗ ಹುಡುಕಿದ ಜೀವಿಗಳು ತಂದೆಯ ಮೀನಿನ ಪಾತ್ರೆಯ ತಳದಲ್ಲಿಯೂ ಕೆಲಸ ಮಾಡುತ್ತಿದ್ದವು ಎಂದರೆ ತಪ್ಪಾಗದು. ತಂದೆ 1867ರಲ್ಲಿಯೇ ತೀರಿಕೊಂಡಿದ್ದರು. ಮಗನ ಪ್ರಬಂಧಗಳನ್ನು ಓದಿದವರು ಕೃಷಿ ವಿಜ್ಞಾನಿಗಳು, ಮೀನು ಸಾಕುವವರಲ್ಲ.

ಎಲ್ಲ ದೇಶದ ಮೀನು ಒಂದೇ ತೊಟ್ಟಿಯಲ್ಲಿ

ಅಷ್ಟರಲ್ಲಿ ಹವ್ಯಾಸ ಬೇರೆ ದಿಕ್ಕು ಹಿಡಿಯಿತು. 1869ರಲ್ಲಿ ಪ್ಯಾರಿಸ್ಸಿನ ಪಿಯೆರ್ ಕಾರ್ಬೋನಿಯೆ ಪೂರ್ವ ಏಷ್ಯದ ಪ್ಯಾರಡೈಸ್ ಮೀನನ್ನು ಮರಿಮಾಡಿಸಿದರು. ಅನಂತರ ಉಷ್ಣವಲಯದ ಮೀನುಗಳು ಹಡಗುಗಳಲ್ಲಿ ಬರತೊಡಗಿದವು. ಹಲವು ಜಾತಿಯ ಸಾಧು ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಸಾಕುವ ‘ಕಮ್ಯುನಿಟಿ ಅಕ್ವೇರಿಯಂ’ ಬಂತು. ಸೊಳ್ಳೆ ಮರಿಗಳನ್ನು ತಿನ್ನಲೆಂದು ನಮ್ಮ ಬಾವಿಗಳಿಗೂ ಬಿಡುವ ಗಪ್ಪಿ ದಕ್ಷಿಣ ಅಮೆರಿಕದ್ದು. ನಿಯಾನ್ ಟೆಟ್ರ ಅಮೆಜಾನ್ ನದಿಯ ಪೆರು ಭಾಗದಲ್ಲಿ ಸಿಕ್ಕಿ 1936ರಲ್ಲಿ ವೈಜ್ಞಾನಿಕ ಹೆಸರು ಪಡೆಯಿತು. ಜೀಬ್ರಾ ಮೀನು ನಮ್ಮದೇ. ಅದನ್ನು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರಾರೂ ಅಲ್ಲ, 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಬುಕಾನನ್ ಅವರೇ. ಮುಂದೆ ಹೆಸರು ಬದಲಾಯಿಸಿಕೊಂಡಿದ್ದರು.

ಮೀನು ಹೆಚ್ಚಿದಂತೆ ಹಳೆಯ ಸಮತೋಲದ ಲೆಕ್ಕ ಇನ್ನಷ್ಟು ಕೆಟ್ಟಿತು. ನ್ಯೂಯಾರ್ಕ್ ಅಕ್ವೇರಿಯಮ್ಮಿನ ಜೇಮ್ಸ್ ಆಟ್ಜ್ 1949ರಲ್ಲಿ ‘ಸಮತೋಲ ಅಕ್ವೇರಿಯಂ’ ಒಂದು ಮಿಥ್ಯೆ ಎಂದೇ ಬರೆದರು. ತೊಟ್ಟಿಗೆ ಆಮ್ಲಜನಕ ಬರುವುದು ಹೆಚ್ಚಾಗಿ ನೀರಿನ ಮೇಲ್ಮೈಯಿಂದ, ಗಿಡದಿಂದಲ್ಲ. ರಾತ್ರಿಯಲ್ಲಂತೂ ಗಿಡವೂ ಆಮ್ಲಜನಕವನ್ನು ಬಳಸುತ್ತದೆ. ಆದ್ದರಿಂದಲೇ ಬಾಯಿ ಕಿರಿದಾದ ದುಂಡು ಬುರುಡೆಗಿಂತ ಅಗಲವಾದ ತೊಟ್ಟಿ ಲೇಸು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೋನಿಯದ ಕಥೆಯೂ ಕೊನೆಗೆ ತೊಟ್ಟಿಗೆ ಬಂದು ಸೇರಿತು. ಮರಳಿನ ಕೆಳಗಿನಿಂದ ನೀರೆಳೆಯುವ ಫಿಲ್ಟರು 1950ರ ದಶಕದಲ್ಲಿ ಜನಪ್ರಿಯವಾಯಿತು. 1970ರಲ್ಲಿ ಸ್ಟೀಫನ್ ಸ್ಪಾಟ್ ಅವರ ಪುಸ್ತಕ ಬಂದ ಮೇಲೆ, ಫಿಲ್ಟರು ಕಸ ಸೋಸುವ ಜಾಲರಿ ಮಾತ್ರವಲ್ಲ, ಬ್ಯಾಕ್ಟೀರಿಯಗಳ ಮನೆ ಎಂಬ ಅರಿವು ಹರಡಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಪಠ್ಯಗಳು ಹೇಳುತ್ತಿದ್ದವು. 1998ರಲ್ಲಿ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ಡಿಎನ್‌ಎ ವಿಧಾನದಿಂದ ನೋಡಿದಾಗ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುತ್ತಿದ್ದುದು ನೈಟ್ರೊಸ್ಪೈರ ಎಂಬ ಬೇರೆಯೇ ಗುಂಪು. 2015ರಲ್ಲಿ ಎರಡು ಸಂಶೋಧಕ ತಂಡಗಳು ಎರಡೂ ಹಂತಗಳನ್ನು ಒಂದೇ ಜೀವಕೋಶದಲ್ಲಿ ಮುಗಿಸುವ ನೈಟ್ರೊಸ್ಪೈರವನ್ನು ವರದಿ ಮಾಡಿದವು. ಅವುಗಳಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕುವ ವ್ಯವಸ್ಥೆಯೊಂದರ ಫಿಲ್ಟರಿನಲ್ಲಿ. ಎರಡು ಜೀವಿಗಳು ಬೇಕೇಬೇಕು ಎಂಬ ಕಿರಿಯ ವಾರಿಂಗ್ಟನ್ ಅವರ ಕಾಲದ ನಿಯಮಕ್ಕೆ ಹೀಗೆ ಅಪವಾದ ದೊರೆಯಿತು.

ನಿಮ್ಮ ತೊಟ್ಟಿಯಲ್ಲಿ

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದೇಕೆಂದು ಈಗ ನೀವೇ ಹೇಳಬಲ್ಲಿರಿ. ಈ ಬ್ಯಾಕ್ಟೀರಿಯಗಳು ಬಹಳ ನಿಧಾನವಾಗಿ ಹೆಚ್ಚುತ್ತವೆ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಅಮೋನಿಯ, ಅದರ ಹಿಂದೆಯೇ ನೈಟ್ರೈಟ್ ಶೇಖರವಾಗುತ್ತವೆ. ಎರಡೂ ಮೀನಿಗೆ ವಿಷ, ಎರಡಕ್ಕೂ ಬಣ್ಣವಿಲ್ಲ. ಗಾಳಿ ಪಂಪು ಆಮ್ಲಜನಕ ಕೊಟ್ಟೀತು, ಈ ವಿಷವನ್ನು ತಾನಾಗಿ ತೆಗೆಯದು. ನೀರಿನ ಗುಣವನ್ನೂ ಗಮನಿಸಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಹೆಚ್ಚು ವಿಷಕಾರಿಯಾದ ಅಯಾನುರಹಿತ ಭಾಗ ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಸುಮಾರು ಶೇಕಡ 5. ಹಾಗಾಗಿ ಬೋರ್‌ವೆಲ್ಲಿನ ಕ್ಷಾರೀಯ ನೀರು ತುಂಬುವವರು ಇನ್ನಷ್ಟು ಎಚ್ಚರ ವಹಿಸಬೇಕು.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಬಳಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದು ಹಿಡಿ ಮರಳು ಸಿಕ್ಕರೆ ಹೊಸದಕ್ಕೆ ಹಾಕಿ. ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಮಣ್ಣಿನ ನೀರು ಹಾಕಿ ಮಾಡಿದ್ದೂ ಇದನ್ನೇ.

ಶಾಲೆಯಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿಸಬಹುದು. ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿಸಿ. ಅದು ಕೊಳೆತು ಅಮೋನಿಯ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್ಟಿನಿಂದ ದಿನ ಬಿಟ್ಟು ದಿನ ಅಮೋನಿಯ, ನೈಟ್ರೈಟ್ ಅಳೆದು ಮಕ್ಕಳೇ ಗ್ರಾಫ್ ಎಳೆಯಲಿ. ಅಮೋನಿಯದ ರೇಖೆ ಏರಿ ಇಳಿಯುವಾಗ ನೈಟ್ರೈಟಿನದು ಏರುತ್ತದೆ. ನೈಟ್ರೈಟ್ ಪರೀಕ್ಷೆಯಲ್ಲಿ ಬರುವ ಗುಲಾಬಿ ಬಣ್ಣ 1879ರಲ್ಲಿ ಪೀಟರ್ ಗ್ರೀಸ್ ವಿವರಿಸಿದ ಕ್ರಿಯೆಯದು. ಆ ಗುಲಾಬಿ ಬಣ್ಣ ಪೂರ್ತಿ ಮಾಯವಾಗಿ, ಅಮೋನಿಯವೂ ಸೊನ್ನೆ ತೋರಿಸಿದ ದಿನ, ನೀರಿನ ಒಂದು ಭಾಗವನ್ನು ಬದಲಾಯಿಸಿ, ಮೊದಲ ಎರಡು ಮೀನುಗಳನ್ನು ಬಿಡಿ. ಉಳಿದವನ್ನು ವಾರಕ್ಕೆ ಒಂದೆರಡರಂತೆ ಸೇರಿಸಿದರೆ ಸಾಕು.