ಕಲ್ಯಾಣಮಂಟಪದಿಂದ ಕೋಪನ್‌ಹೇಗನ್ನಿಗೆ

ಮಗರಪಟ್ಟಾದ ನಮ್ಮ ಬಾಲ್ಕನಿಯಲ್ಲಿ ನಿಂತರೆ ಕೆಳಗೆ ಬಾಸ್ಕೆಟ್‌ಬಾಲ್ ಅಂಕಣ ಕಾಣುತ್ತದೆ. ಸಂಜೆ ಐದಾದರೆ ಮೊಮ್ಮಗ ಅಲ್ಲೇ. ಮೊನ್ನೆ ಬೆವರು ಒರೆಸಿಕೊಳ್ಳುತ್ತಾ ಬಂದವನು, "ಅಜ್ಜ, ನಮ್ಮೋರು ಯಾರಾದ್ರೂ ಹೊರದೇಶಕ್ಕೆ ಹೋಗಿ ಆಟ ಆಡ್ಕೊಂಡೇ ಬದುಕಿದ್ದಾರಾ?" ಎಂದು ಕೇಳಿದ. ಪಂಜಾಬಿನ ಸತ್ನಾಮ್ ಸಿಂಗ್ ಅವನಿಗೆ ಗೊತ್ತು. 2015ರಲ್ಲಿ ಡಲ್ಲಾಸ್ ತಂಡ ಆತನನ್ನು ಆರಿಸಿಕೊಂಡಿತು, ಆದರೆ ಎನ್‌ಬಿಎಯ ಒಂದು ಲೀಗ್ ಪಂದ್ಯ ಆಡುವ ಯೋಗವೂ ಬರಲಿಲ್ಲ. "ಪಂಜಾಬಿನವರಲ್ಲ ಅಜ್ಜ, ನಮ್ಮೋರು" ಎಂದು ಹುಡುಗ ಪಟ್ಟು ಹಿಡಿದ. ಬಾಸ್ಕೆಟ್‌ಬಾಲಿನಲ್ಲಿ ನನಗೆ ಯಾರೂ ಹೊಳೆಯಲಿಲ್ಲ. ಶಟಲ್ ಆಟದಲ್ಲಿ ಒಬ್ಬರು ಹೊಳೆದರು: ಪ್ರಕಾಶ್ ಪಡುಕೋಣೆ.

"ಓ, ದೀಪಿಕಾ ಅಪ್ಪ!" ಎಂದ. ಆಯಿತಪ್ಪ, ಹಾಗೇ ಅಂದುಕೋ.

ಮನೆತನ ಕುಂದಾಪುರದ ಕಡೆಯ ಪಡುಕೋಣೆಯದು, ಮನೆಮಾತು ಕೊಂಕಣಿ, ಹುಟ್ಟಿದ್ದು 1955ರಲ್ಲಿ ಬೆಂಗಳೂರಿನಲ್ಲಿ. ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣಮಂಟಪದಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಶಾಲೆ ಬಿಟ್ಟ ಮೇಲೆ ಮದುವೆ ಇದೆಯೋ ಇಲ್ಲವೋ ನೋಡಿಕೊಂಡು ಓಡಬೇಕಿತ್ತಂತೆ. ಅಲ್ಲಿಂದ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್, 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಚಿನ್ನ. 1980ರಲ್ಲಿ ಡೆನ್ಮಾರ್ಕ್, ಸ್ವೀಡನ್ ಎರಡೂ ಕಡೆ ಗೆದ್ದು, ಮಾರ್ಚ್ 23ಕ್ಕೆ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಹಿಂದಿನ ಎರಡೂ ವರ್ಷ ಗೆದ್ದಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. 15-3, 15-10. ಅಷ್ಟೇ, ಮುಗಿಯಿತು!

ಆಗ ನಾನು ಸಾಗರದಲ್ಲಿ, ಎಂಕಾಂ ಮುಗಿಸಿ ಬ್ಯಾಂಕಿನ ಪತ್ರಕ್ಕೆ ಕಾಯುತ್ತಿದ್ದೆ. ಕಾಲೇಜು ತಂಡದಲ್ಲಿ ನಾನೂ ಶಟಲ್ ಆಡಿದವನೇ. ಪ್ರಕಾಶ್ ಯೂನಿಯನ್ ಬ್ಯಾಂಕಿನವರು ಎಂಬುದು ನಮ್ಮ ಮನೆಯಲ್ಲಿ ಆಲ್ ಇಂಗ್ಲೆಂಡ್‌ಗಿಂತ ದೊಡ್ಡ ಸುದ್ದಿ. ಅದೇ ವರ್ಷ ಅವರು ಡೆನ್ಮಾರ್ಕಿನ ಕ್ಲಬ್ಬೊಂದಕ್ಕೆ ಆಡಲು ಹೊರಟರೆಂದಾಗ ಅಪ್ಪ, "ಬ್ಯಾಂಕ್ ಕೆಲ್ಸ ಇದ್ದೋನಿಗೆ ಇದೆಂಥಾ ಹುಚ್ಚೋ!" ಎಂದರು. ಮರುವರ್ಷ ನನ್ನ ಪತ್ರ ಬಂತು. ನನ್ನ ಬ್ಯಾಟು ಅಟ್ಟ ಸೇರಿತು.

ಆ ಹುಚ್ಚಿನ ಲೆಕ್ಕ ನನಗೆ ತಿಳಿಯಲು ವರ್ಷಗಳೇ ಹಿಡಿದವು. ಒಂಬತ್ತು ವರ್ಷ ಯಾರೂ ಸೋಲಿಸದವನಿಗೆ ಊರಲ್ಲಿ ದಿನಾ ಆಡಲು ಸರಿಸಮ ಎದುರಾಳಿ ಎಲ್ಲಿ? ಕೋಪನ್‌ಹೇಗನ್ ಪಕ್ಕದ ಹ್ವಿಡೋವ್ರೆ ಕ್ಲಬ್ಬಿಗೆ ಹೋದರೆ ಮಾರ್ಟೆನ್ ಫ್ರಾಸ್ಟ್‌ನಂಥವರ ಜೊತೆ ಅಭ್ಯಾಸ. ಬಹುಮಾನದ ಹಣ ಪಡೆಯಬಹುದಾದ ಆಟಗಾರರಿಗೆ 'ಲೈಸೆನ್ಸ್ಡ್' ಎಂಬ ಹೊಸ ವರ್ಗವೂ ಆಗಷ್ಟೇ ಬಂದಿತ್ತು. ನಾವಿರುವ ಪುಣೆಯಲ್ಲೇ ನೋಡಿ: 1873ರ ಸುಮಾರಿಗೆ ಬ್ರಿಟಿಷ್ ಅಧಿಕಾರಿಗಳು ಈ ಆಟಕ್ಕೆ ನಿಯಮ ಬರೆದದ್ದು ಇಲ್ಲಿ ಎನ್ನುತ್ತಾರೆ, ಆಟಕ್ಕೇ 'ಪೂನಾ' ಎಂಬ ಹೆಸರಿತ್ತು. 2021ರಲ್ಲಿ ಇದೇ ಊರಲ್ಲಿ ತೀರಿಕೊಂಡ ನಂದು ನಾಟೇಕರ್ 1956ರಲ್ಲೇ ಕೌಲಾಲಂಪುರದಲ್ಲಿ ಗೆದ್ದು ಬಂದವರು. ಆ ಕಾಲದಲ್ಲಿ ಆಟಗಾರನಿಗೆ ಸಿಗುತ್ತಿದ್ದದ್ದು ಕಪ್ಪು. ಕಪ್ಪಿನಿಂದ ಸಂಸಾರ ನಡೆಯುವುದಿಲ್ಲ.

ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುವ ಆ ಊರಲ್ಲಿ ಅವರು ವರ್ಷಗಟ್ಟಲೆ ಇದ್ದರು. 1981ರಲ್ಲಿ ಚೀನಾದ ಹಾನ್ ಜಿಯಾನ್‌ರನ್ನು ಸೋಲಿಸಿ ವಿಶ್ವಕಪ್, 1983ರಲ್ಲಿ ಕೋಪನ್‌ಹೇಗನ್ನಿನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 1986ರ ಜನವರಿಯಲ್ಲಿ ಅಲ್ಲೇ ಮಗಳು ಹುಟ್ಟಿದಳು. ಅವಳಿಗೆ ವರ್ಷ ತುಂಬುವುದರೊಳಗೆ ಸಂಸಾರ ಬೆಂಗಳೂರಿಗೆ ಮರಳಿತು. 1994ರಲ್ಲಿ ವಿಮಲ್ ಕುಮಾರ್ ಜೊತೆ ಅಕಾಡೆಮಿ ಕಟ್ಟಿದರು. ಅಲ್ಲಿ ತಯಾರಾದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಗೋಪಿಚಂದರಿಗೆ ಕಲ್ಯಾಣಮಂಟಪದ ಮುಂದೆ ಕಾಯುವ ಪಾಡಿರಲಿಲ್ಲ.

ಮಗ ಲ್ಯಾಪ್‌ಟಾಪ್ ಮುಚ್ಚಿ, "ಅಪ್ಪ, ಅವನ ತಲೆ ಕೆಡಿಸಬೇಡಿ, ಮುಂದಿನ ವರ್ಷ ಹತ್ತನೇ ಕ್ಲಾಸು" ಎಂದ. ನನ್ನಪ್ಪನ ದನಿಯೇ. ನಾನು ಸುಮ್ಮನಾದೆ.

ಹುಡುಗ ಮಾತ್ರ ಬಿಡಲಿಲ್ಲ. "ಅಜ್ಜ, ನಿಮ್ಮ ಬ್ಯಾಟ್ ಎಲ್ಲಿದೆ?"

ಸಾಗರದ ಮನೆಯ ಅಟ್ಟದಲ್ಲಿತ್ತು. ಆ ಮನೆ ಮಾರಿ ಹನ್ನೆರಡು ವರ್ಷವಾಯಿತು.